ಬ್ಯಾಬಿಲೋನಿನಲ್ಲೂ ದೇವದಾಸಿಯರು ಇದ್ದರಾ?

ಪ್ರಶ್ನೆ: ಈಗಿನ ಇರಾಕಿನಲ್ಲಿದ್ದ ಹಳೆಯ ನಗರ ಬ್ಯಾಬಿಲೋನಿನ ಪ್ರತಿ ಹೆಂಗಸೂ ಬದುಕಿನಲ್ಲಿ ಒಮ್ಮೆ ಗುಡಿಯಲ್ಲಿ ಕೂತು, ಗುರುತಿಲ್ಲದ ಗಂಡಸಿಗೆ ಮೈ ಒಪ್ಪಿಸಬೇಕಿತ್ತಂತೆ. ನಮ್ಮ ದೇವದಾಸಿ ಪದ್ಧತಿಯ ಬೇರು ಅಲ್ಲಿದೆಯೇ?

ಮತ್ತೆ ಅದೇ ಪ್ರಶ್ನೆ! ತರಗತಿಯಲ್ಲಾಯಿತು, ಮದುವೆ ಮನೆಯ ಪಂಕ್ತಿಯಲ್ಲೂ ಆಯಿತು. ಬೇರಿನ ಮಾತು ಮೊದಲು ಮುಗಿಸುತ್ತೇನೆ: ಎರಡನ್ನೂ ಜೋಡಿಸುವ ಆಧಾರ ಇಲ್ಲ.

ಈ ಕಥೆ ಹೇಳಿದವನು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ, ಹೆರೊಡೋಟಸ್. ಹೆಂಗಸರು ತಲೆಗೆ ಹಗ್ಗ ಸುತ್ತಿಕೊಂಡು ಗುಡಿಯಲ್ಲಿ ಕೂರುತ್ತಾರಂತೆ. ಯಾರಾದರೂ ಮಡಿಲಿಗೆ ಬೆಳ್ಳಿ ನಾಣ್ಯ ಎಸೆದರೆ ಎದ್ದು ಹೋಗಬೇಕಂತೆ. ಚೆಲುವೆಯರು ಬೇಗ ಮನೆ ಸೇರುತ್ತಾರೆ, ಉಳಿದವರು ಮೂರ್ನಾಲ್ಕು ವರ್ಷ ಕಾಯುತ್ತಾರೆ ಅಂತ ಬೇರೆ ಬರೆದಿದ್ದಾನೆ. ಮೂರ್ನಾಲ್ಕು ವರ್ಷ! ಅಲ್ಲಿಯತನಕ ಮನೆಯಲ್ಲಿ ರೊಟ್ಟಿ ಸುಟ್ಟವರು ಯಾರು?

ಇದೇ ಮಹಾಶಯ ಅದಕ್ಕೂ ಸ್ವಲ್ಪ ಮೊದಲು ಏನು ಹೇಳುತ್ತಾನೆ ನೋಡಿ. ಬ್ಯಾಬಿಲೋನಿನಲ್ಲಿ ವೈದ್ಯರೇ ಇಲ್ಲವಂತೆ. ರೋಗಿಯನ್ನು ಸಂತೆಬೀದಿಯಲ್ಲಿ ಮಲಗಿಸಿ, ಹೋಗಿ ಬರುವವರ ಹತ್ತಿರ ಮದ್ದು ಕೇಳುತ್ತಾರಂತೆ. ಆದರೆ ಮದ್ದಿನ ವಿವರ ಬರೆದ ಮಣ್ಣಿನ ಹಲಗೆಗಳು ಅಲ್ಲಿ ರಾಶಿರಾಶಿ ಸಿಕ್ಕಿವೆ. ವೈದ್ಯನಿಗೆ 'ಆಸೂ' ಎಂಬ ಹೆಸರೂ ಇತ್ತು. ಹೆರೊಡೋಟಸ್ ಹೇಳಿದಷ್ಟು ದೊಡ್ಡ ಕೋಟೆ ಗೋಡೆ, 1899ರಿಂದ 1917ರವರೆಗೆ ಅಲ್ಲಿ ಅಗೆದ ಜರ್ಮನ್ನರಿಗೆ ಸಿಗಲಿಲ್ಲ.

ಬ್ಯಾಬಿಲೋನಿನ ಜನ ಬರೆಯದ ವಿಷಯವೇ ಇರಲಿಲ್ಲ. ಬಾರ್ಲಿ ಸಾಲ, ಕುರಿ ಲೆಕ್ಕ, ಗಂಡ ಹೆಂಡತಿ ಬೇರೆಯಾದದ್ದು, ಎಲ್ಲಕ್ಕೂ ಹಲಗೆ. ಊರಿನ ಪ್ರತಿ ಹೆಂಗಸಿಗೂ ಅನ್ವಯಿಸುವ ಕಟ್ಟಳೆ ಇದ್ದಿದ್ದರೆ, ಆ ಬೆಳ್ಳಿ ಗುಡಿಯ ಲೆಕ್ಕದಲ್ಲಿ ಕಾಣಬೇಕಿತ್ತು ಅಲ್ವಾ? ಒಂದು ಸಾಲೂ ಇಲ್ಲ. ಊರಲ್ಲಿ ಸೂಳೆಗಾರಿಕೆ ಇತ್ತು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಅದು ಬೇರೆ, ಇದು ಬೇರೆ.

ಹಾಗಾದರೆ ಕಥೆ ಉಳಿದದ್ದು ಹೇಗೆ? 19ನೇ ಶತಮಾನದ ಪಂಡಿತರು ಹಲಗೆ ಓದಲು ಕೂತಾಗ ತಲೆಯಲ್ಲಿ ಹೆರೊಡೋಟಸ್ ಮೊದಲೇ ಕೂತಿದ್ದ. ಗುಡಿಯ ಹೆಂಗಸು ಅಂತ ಕಂಡಲ್ಲೆಲ್ಲ 'ವೇಶ್ಯೆ' ಎಂದು ಅನುವಾದ ಮಾಡಿದರು. ಆಮೇಲೆ ಆ ಅನುವಾದ ತೋರಿಸಿ, ಹೆರೊಡೋಟಸ್ ಹೇಳಿದ್ದು ನಿಜ ಎಂದರು. ಕಳ್ಳನಿಗೆ ಅವನ ಭಾವಮೈದುನನೇ ಸಾಕ್ಷಿ.

ಗುಡಿಯ ಹೆಂಗಸರು ನಿಜಕ್ಕೂ ಹೇಗಿದ್ದರು ಅಂತ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಸಿಪ್ಪಾರ್ ಊರಲ್ಲಿ ಸೂರ್ಯದೇವ ಶಮಾಶನಿಗೆ ಮುಡಿಪಾದ 'ನಾದೀತು'ಗಳಿದ್ದರು. ಆ ಪದಕ್ಕೆ ಬೀಳುಬಿಟ್ಟ ಹೊಲದ ನಂಟಿದೆ, ಏಕೆಂದರೆ ಇವರು ಹೆರುವಂತಿರಲಿಲ್ಲ. ಗೋಡೆ ಸುತ್ತಿದ ಕೇರಿಯಲ್ಲಿ ವಾಸ. ಅಲ್ಲಿಂದಲೇ ಬೆಳ್ಳಿ ಸಾಲ ಕೊಡುತ್ತಿದ್ದರು, ಹೊಲ ಮನೆ ಕೊಳ್ಳುತ್ತಿದ್ದರು. ಇವರ ನಡತೆಯ ಮೇಲೆ ಕಣ್ಣು ಎಷ್ಟು ಬಿಗಿ ಇತ್ತು ಅಂದರೆ, ಕೇರಿಯ ಹೊರಗೆ ವಾಸವಿರುವ ನಾದೀತು ಬಿಯರ್ ಕುಡಿಯಲು ಹೆಂಡದಂಗಡಿಗೆ ಹೊಕ್ಕರೆ ಸುಡಬೇಕು ಎಂದು ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಕಾನೂನು ಹೇಳುತ್ತದೆ.

ಅದೇ ಕಾನೂನಿನಲ್ಲಿ ಆಸ್ತಿಯ ಮಾತೂ ಇದೆ. ಅಪ್ಪ ಸತ್ತ ಮೇಲೆ ನಾದೀತುವಿನ ಪಾಲಿನ ಹೊಲ ತೋಟ ಅಣ್ಣತಮ್ಮಂದಿರ ಕೈಗೆ. ಅವರು ಅವಳಿಗೆ ಕಾಳು, ಎಣ್ಣೆ, ಬಟ್ಟೆ ಕೊಡಬೇಕು. ಸರಿಯಾಗಿ ಕೊಡದಿದ್ದರೆ ತನಗೆ ಬೇಕಾದ ಗೇಣಿದಾರನಿಗೆ ಹೊಲ ವಹಿಸಬಹುದು. 'ಯಾರಿಗಾದರೂ ಕೊಡಲಿ, ಅವಳಿಷ್ಟ' ಅಂತ ಅಪ್ಪ ಹಲಗೆಯಲ್ಲಿ ಬರೆಸಿಟ್ಟು ಸತ್ತಿದ್ದರೆ ಅಣ್ಣತಮ್ಮಂದಿರು ಬಾಯಿ ತೆರೆಯುವಂತಿಲ್ಲ.