ಉಳ್ಳಾಗಡ್ಡಿ ಬೆಳೆದವನೂ ಗ್ರಾಹಕನೇ: ಟಿವಿ ಸುದ್ದಿ ನೋಡದೆ ಬಿಟ್ಟ ಅರ್ಧ

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರ ಕೈಯಲ್ಲಿದ್ದ ಒಂದು ಚೀಟಿ ಊರೂರು ಸುತ್ತಿತು. ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಲ್ಲಿ ಮಾಲು ಮಾರಿದ್ದಕ್ಕೆ ಸಿಕ್ಕ ಲೆಕ್ಕದ ಪಟ್ಟಿ ಅದು. 205 ಕೆಜಿ ಉಳ್ಳಾಗಡ್ಡಿ, ಕ್ವಿಂಟಲಿಗೆ 200 ರೂಪಾಯಿಯಂತೆ 410 ರೂಪಾಯಿ. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ಎರಡನ್ನೂ ಮುರಿದುಕೊಂಡ ಮೇಲೆ ರೈತರಿಗೆ ಉಳಿದದ್ದು 8 ರೂಪಾಯಿ 36 ಪೈಸೆ.

ಚಾನೆಲ್‌ಗಳು ಈ ಚೀಟಿಯನ್ನು ತೋರಿಸಿದವು, ಸುತ್ತ ಕೆಂಪು ಗೆರೆ ಎಳೆದು ತೋರಿಸಿದವು. ಎರಡು ದಿನಕ್ಕೆ ಸುದ್ದಿ ಮುಗಿಯಿತು. ಹುಬ್ಬಳ್ಳಿಯ ಅಮರಗೋಳ, ಗದಗದ ಎಪಿಎಂಸಿ ಮಾರುಕಟ್ಟೆಗಳು ಪಕ್ಕದಲ್ಲೇ ಇದ್ದರೂ ಈ ಮನುಷ್ಯ ನಾನೂರು ಕಿಲೋಮೀಟರು ದೂರ ಯಾಕೆ ಹೋದರು? ಸರಕಿನ ಬೆಲೆಯನ್ನೇ ನುಂಗುವ ಬಾಡಿಗೆಯನ್ನು ಲಾರಿ ಹತ್ತಿಸುವ ಮೊದಲೇ ಅವರಿಗೆ ಯಾರಾದರೂ ಹೇಳಿದ್ದರೇ? ಆ ವರ್ಷದ ಅತಿಮಳೆಗೆ ಗಡ್ಡಿ ಸಣ್ಣದಾಗಿ, ಕೊಳೆತು ಹೋಗಿದ್ದಕ್ಕೆ ವಿಮೆಯ ಹಣ ಬಂತೇ? ಇದನ್ನೆಲ್ಲ ಕೇಳಲು ನಿಂತ ಕ್ಯಾಮೆರಾ ನನ್ನ ಕಣ್ಣಿಗೆ ಬೀಳಲಿಲ್ಲ.

ಅದೇ ಉಳ್ಳಾಗಡ್ಡಿ 2019ರ ಕೊನೆಯಲ್ಲಿ ಕೆಜಿಗೆ ನೂರು ರೂಪಾಯಿ ದಾಟಿದಾಗ ಟಿವಿಯಲ್ಲಿ ವಾರಗಟ್ಟಲೆ ಬೇರೆ ಸುದ್ದಿಯೇ ಇರಲಿಲ್ಲ. ‘ಈರುಳ್ಳಿ ಕಣ್ಣೀರು’ ಎಂಬ ತಲೆಬರಹ, ಸಂತೆಯಲ್ಲಿ ಮೈಕ್ ಹಿಡಿದು ‘ಎಷ್ಟು ಕಷ್ಟ ಆಗ್ತಿದೆ ಮೇಡಂ’ ಎಂಬ ಪ್ರಶ್ನೆ. ನಮ್ಮ ಕಡೆ ಯಾರೂ ಅದನ್ನು ಈರುಳ್ಳಿ ಎನ್ನುವುದಿಲ್ಲ. ಬೆಳೆಯುವ ಊರಲ್ಲಿ ಅದು ಉಳ್ಳಾಗಡ್ಡಿ. ಸ್ಟುಡಿಯೋಕ್ಕೆ ಹೋಗುವ ಹೊತ್ತಿಗೆ ಹೆಸರು ಬದಲಾಗುತ್ತದೆ, ಹೆಸರಿನ ಜೊತೆ ಅದರ ಒಡೆಯನೂ ಬದಲಾಗುತ್ತಾನೆ. ಬೆಲೆ ಏರಿದ್ದಕ್ಕೆ ಒಂದು ಕಾರಣ ಆ ವರ್ಷದ ಆಗಸ್ಟಿನ ನೆರೆ. ಮಲಪ್ರಭೆ ಉಕ್ಕಿ ನರಗುಂದ, ರೋಣದ ಹೊಲಗಳು ಮುಳುಗಿದ್ದವು. ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ರಫ್ತು ನಿಷೇಧಿಸಿತು. ನೆರೆಯಲ್ಲಿ ಅರ್ಧ ಕಳೆದುಕೊಂಡವನಿಗೆ ಉಳಿದರ್ಧಕ್ಕೆ ಒಳ್ಳೆಯ ದರ ಸಿಗುವ ಸಮಯದಲ್ಲೇ ಆ ಬಾಗಿಲು ಮುಚ್ಚಿತು. ಟಿವಿಯ ಭಾಷೆಯಲ್ಲಿ ಅದು ‘ಗ್ರಾಹಕರಿಗೆ ರಿಲೀಫ್’.

ಗ್ರಾಹಕ ಎಂದರೆ ಪೇಟೆಯಲ್ಲಿ ಚೀಲ ಹಿಡಿದು ನಿಂತವರು ಮಾತ್ರ ಎಂಬ ಈ ತಿಳುವಳಿಕೆ ಎಲ್ಲಿಂದ ಬಂತು? ಮೊದಲಿನಿಂದ ಹೀಗಿರಲಿಲ್ಲ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಪೇಟೆ ಧಾರಣೆ ಓದುವ ಹೊತ್ತಿಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಹತ್ತಿ, ಶೇಂಗಾ, ಮೆಣಸಿನಕಾಯಿ, ಗೋವಿನಜೋಳ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ದನಿಯಲ್ಲಿ ಏರಿಳಿತವೇ ಇಲ್ಲ. ಅಪ್ಪ ಬೀಡಿ ಆರಿಸಿ ರೇಡಿಯೋಕ್ಕೆ ಕಿವಿ ಹಚ್ಚುತ್ತಿದ್ದ. ಪತ್ರಿಕೆಗಳೂ ಒಳಪುಟದಲ್ಲಿ ಅದೇ ಪಟ್ಟಿ ಅಚ್ಚು ಹಾಕುತ್ತಿದ್ದವು. ಆ ಪಟ್ಟಿ ಮಾರುವವನಿಗೂ ಕೊಳ್ಳುವವನಿಗೂ ಒಂದೇ ಅಂಕಿ ಹೇಳುತ್ತಿತ್ತು. ಕಡಿಮೆಯಾದರೆ ಒಬ್ಬರಿಗೆ ಖುಷಿ, ಏರಿದರೆ ಇನ್ನೊಬ್ಬರಿಗೆ. ಯಾರು ಖುಷಿಪಡಬೇಕು ಎಂದು ಓದುವವರು ತೀರ್ಮಾನ ಮಾಡುತ್ತಿರಲಿಲ್ಲ.

1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು. ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಆ ದಿನವೇ ರಾಷ್ಟ್ರೀಯ ಗ್ರಾಹಕರ ದಿನ. ಹಣ ಕೊಟ್ಟು ಸರಕು ಕೊಂಡವರು, ಸೇವೆ ಪಡೆದವರು ಗ್ರಾಹಕರು ಎಂದಿತು ಕಾನೂನು. ನಗರ, ಹಳ್ಳಿ ಎಂಬ ಭೇದ ಅದರಲ್ಲಿರಲಿಲ್ಲ. ಬೀಜ ಕೊಂಡವನು, ಪಂಪ್‌ಸೆಟ್ ಕೊಂಡವನು, ಬೆಳೆ ವಿಮೆಯ ಕಂತು ಕಟ್ಟಿದವನು ಎಲ್ಲರೂ ಅದರ ನೆರಳಿಗೆ ಬರುತ್ತಿದ್ದರು.

ಟಿವಿ ಬೆಳೆದದ್ದು ಇದಾದ ಮೇಲೆ. 1994ರಲ್ಲಿ ಉದಯ, 2006ರ ಕೊನೆಗೆ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್. ಇಪ್ಪತ್ನಾಲ್ಕು ಗಂಟೆ ಸುದ್ದಿ ತುಂಬಬೇಕು, ಜಾಹೀರಾತು ತರಬೇಕು. ಜಾಹೀರಾತಿನ ದರ ನಿಂತಿರುವುದು ಟಿಆರ್‌ಪಿ ಮೇಲೆ. ಯಾರ ಮನೆಯ ಟಿವಿಗೆ ಮೀಟರ್ ಕೂಡಿಸಿದ್ದಾರೋ ಅವರೇ ಲೆಕ್ಕಕ್ಕೆ ಸಿಗುವ ನೋಡುಗರು. ಆಗ ಅಳತೆ ಮಾಡುತ್ತಿದ್ದ ಟ್ಯಾಮ್ ಸಂಸ್ಥೆಯ ಮೀಟರುಗಳು ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿದ್ದವು. 2011ರ ಜನಗಣತಿಯಲ್ಲಿ ಹಾವೇರಿ ಪಟ್ಟಣದ ಜನಸಂಖ್ಯೆ 67 ಸಾವಿರ. ಜಿಲ್ಲಾ ಕೇಂದ್ರದ ಗತಿಯೇ ಹೀಗಾದರೆ ಸವಣೂರು, ಶಿಗ್ಗಾವಿ, ಹಾನಗಲ್ಲಿನ ಹಳ್ಳಿಗಳ ಮಾತು ದೂರವೇ ಉಳಿಯಿತು. ಟ್ಯಾಮ್ ಜಾಗಕ್ಕೆ ಬಾರ್ಕ್ ಸಂಸ್ಥೆ ಬಂದು ಹಳ್ಳಿಯ ನೋಡುಗರನ್ನೂ ಎಣಿಸಿದ ಅಂಕಿ ಹೊರಬಿದ್ದದ್ದು 2015ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಸುದ್ದಿಮನೆಯ ಕೈ ಒಂದು ಅಚ್ಚಿಗೆ ಹೊಂದಿಕೊಂಡಾಗಿತ್ತು. ನೋಡುವವರು ನಗರದವರು, ಕೊಳ್ಳುವವರೂ ಅವರೇ. ನಮ್ಮ ತಾಲ್ಲೂಕುಗಳಲ್ಲಿ ಸುದ್ದಿ ಕಳಿಸುವ ಸ್ಟ್ರಿಂಗರ್ ಹುಡುಗರಿಗೆ ಮಾರುಕಟ್ಟೆ ಚೆನ್ನಾಗಿ ಗೊತ್ತು. ಎಷ್ಟೋ ಜನರ ಮನೆಯಲ್ಲೇ ಒಕ್ಕಲುತನ ಇದೆ. ಆದರೆ ಅವರು ಕಳಿಸಿದ್ದರಲ್ಲಿ ಯಾವ ತುಣುಕು ಓಡಬೇಕು ಎಂದು ನಿರ್ಧರಿಸುವವರು ಬೆಂಗಳೂರಿನಲ್ಲಿದ್ದಾರೆ.

ಇದರ ಬೆಲೆ ಎಷ್ಟು ಎಂದು ನನಗೆ ಮೊದಲು ತಿಳಿದದ್ದು 2008ರ ಜೂನ್ 10ರಂದು, ಹಾವೇರಿಯಲ್ಲಿ.

ಮುಂಗಾರು ಹಿಡಿದಿತ್ತು. ಹತ್ತಿಗೆ, ಗೋವಿನಜೋಳಕ್ಕೆ ಬಿತ್ತುವಾಗಲೇ ಡಿಎಪಿ ಗೊಬ್ಬರ ಬೀಳಬೇಕು, ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ರೈತರು ರೊಕ್ಕ ಕಿಸೆಯಲ್ಲಿಟ್ಟುಕೊಂಡು ದಿನಗಟ್ಟಲೆ ಸಾಲಿನಲ್ಲಿ ನಿಂತರು. ಯಾರೂ ಪುಕ್ಕಟೆ ಕೇಳಿರಲಿಲ್ಲ. ಗೊಬ್ಬರ ಬರಲಿಲ್ಲ, ಸಿಟ್ಟು ಬೀದಿಗೆ ಬಂತು, ಪೊಲೀಸರು ಗುಂಡು ಹಾರಿಸಿದರು. ಸಿದ್ದಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಎಂಬ ಇಬ್ಬರು ರೈತರು ಜೀವ ಕಳೆದುಕೊಂಡರು. ಸರಕು ಕೊಳ್ಳಲು ಹೋದವರು ಗುಂಡಿಗೆ ಬಲಿಯಾದ ದಿನ ಅದು. ಗ್ರಾಹಕರ ಹಕ್ಕಿನ ಮಾತಾಡುವವರು ಅದನ್ನು ಹಾಗೆಂದು ಕರೆದದ್ದನ್ನು ನಾನು ಕೇಳಿಲ್ಲ. ಟಿವಿಗೆ ಅದು ಹೊಸ ಸರ್ಕಾರದ ಮೊದಲ ಬಿಕ್ಕಟ್ಟು. ಗುಂಡು ಹಾರಿಸಲು ಹೇಳಿದವರು ಯಾರು, ರಾಜೀನಾಮೆ ಯಾವಾಗ ಎಂದೇ ಚರ್ಚೆ ಓಡಿತು. ಗೊಬ್ಬರ ಯಾಕೆ ಇರಲಿಲ್ಲ ಎಂಬ ಪ್ರಶ್ನೆ ಬದಿಗೆ ಸರಿಯಿತು. ಅದಕ್ಕೂ ಉತ್ತರ ಇತ್ತು. ಆ ವರ್ಷ ಜಾಗತಿಕ ಮಾರುಕಟ್ಟೆಯಲ್ಲಿ ಡಿಎಪಿ ದರ ಟನ್ನಿಗೆ ಸಾವಿರ ಡಾಲರ್ ದಾಟಿತ್ತು. ಇಲ್ಲಿ ರೈತನಿಗೆ ಮಾರಬೇಕಾದ ದರ ಟನ್ನಿಗೆ 9,350 ರೂಪಾಯಿ ಎಂದು ಸರ್ಕಾರ ಕಟ್ಟಿಹಾಕಿತ್ತು. ನಡುವಿನ ಅಷ್ಟೂ ಅಂತರವನ್ನು ಸಹಾಯಧನವೇ ತುಂಬಬೇಕಿತ್ತು. ಇದನ್ನು ಬೋರ್ಡಿನ ಮೇಲೆ ಬರೆದು ಹೇಳಲು ಹತ್ತು ನಿಮಿಷ ಸಾಕಿತ್ತು.

ಕ್ಯಾಮೆರಾಕ್ಕೆ ಏನು ಇಷ್ಟ ಎಂಬುದು 2017ರ ಜೂನಿನಲ್ಲಿ ಚೆನ್ನಾಗಿ ಕಾಣಿಸಿತು. ‘ಪ್ಲಾಸ್ಟಿಕ್ ಅಕ್ಕಿ’ ಬಂದಿದೆ ಎಂದು ಒಂದಾದ ಮೇಲೊಂದು ಚಾನೆಲ್ ಕೂಗಿದವು. ಅನ್ನದ ಉಂಡೆ ಕಟ್ಟಿ ನೆಲಕ್ಕೆ ಎಸೆಯುವುದು, ಅದು ಪುಟಿದರೆ ‘ನೋಡಿ’ ಎನ್ನುವುದು. ಅಕ್ಕಿಗೆ ಬೆಂಕಿ ಹಚ್ಚುವುದು, ಹತ್ತಿಕೊಂಡರೆ ‘ನೋಡಿ’ ಎನ್ನುವುದು. ಅಕ್ಕಿಯ ಪಿಷ್ಟ ಬೆಂದಾಗ ಅಂಟಾಗುತ್ತದೆ, ಒತ್ತಿ ಉಂಡೆ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪುಟಿಯುತ್ತದೆ. ಪಿಷ್ಟಕ್ಕೆ ಬೆಂಕಿ ಹತ್ತುವುದೂ ಸಹಜ. ಒಂದು ಹನಿ ಅಯೋಡಿನ್ ಬಿಟ್ಟರೆ ಅಕ್ಕಿ ಕಡುನೀಲಿಯಾಗುತ್ತದೆ, ಪ್ಲಾಸ್ಟಿಕ್ ಆಗುವುದಿಲ್ಲ. ಹೈಸ್ಕೂಲಿನ ಹುಡುಗಿಯೂ ಮಾಡಿ ತೋರಿಸುವ ಪರೀಕ್ಷೆ ಇದು. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಒಂದು ಮುಷ್ಟಿ ಅಕ್ಕಿ ಒಯ್ದು ಕೇಳಬಹುದಿತ್ತು. ಅಲ್ಲದೆ ಪ್ಲಾಸ್ಟಿಕ್ ಹರಳು ಅಕ್ಕಿಗಿಂತ ತುಟ್ಟಿ. ಅದನ್ನು ಕಲಸಿ ಲಾಭ ಮಾಡುವುದು ಹೇಗೆ ಎಂದು ಯಾವ ವರದಿಗಾರರೂ ಕೇಳಲಿಲ್ಲ. ಪ್ರಯೋಗಾಲಯಕ್ಕೆ ಹೋದ ಮಾದರಿಗಳಲ್ಲಿ ಪ್ಲಾಸ್ಟಿಕ್ ಸಿಗಲಿಲ್ಲ. ಭಯ ಹುಟ್ಟಿಸಿದಷ್ಟು ಹೊತ್ತು ಈ ಸುದ್ದಿ ಓಡಲಿಲ್ಲ.

ಆ ಭಯ ಇವತ್ತಿಗೂ ಉಳಿದಿದೆ. ಪಡಿತರ ಅಂಗಡಿಗೆ ಸಾರವರ್ಧಿತ ಅಕ್ಕಿ ಬರತೊಡಗಿದ ಮೇಲೆ ನಮ್ಮ ಓಣಿಯ ಅಜ್ಜಿಯೊಬ್ಬರು ಮೊರದಲ್ಲಿ ಅಕ್ಕಿ ಹರವಿಕೊಂಡು ಕೂತಿದ್ದರು. ಉಳಿದದ್ದಕ್ಕಿಂತ ಬೆಳ್ಳಗಿನ, ಸ್ವಲ್ಪ ಮಬ್ಬಾದ ಕಾಳುಗಳನ್ನು ಒಂದೊಂದೇ ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದರು. ‘ಪ್ಲಾಸ್ಟಿಕ್ ಐತಿ, ಟಿವ್ಯಾಗ ತೋರಿಸ್ಯಾರ’ ಎಂದರು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿದ್ದು ಅದು. ನೂರು ಕಾಳಿಗೆ ಒಂದರಂತೆ ಕಲಸಿದ್ದರು. ನೀರಿಗೆ ಹಾಕಿದರೆ ತೇಲುವುದರಿಂದ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಹೀಗೆ ಕಾಳು ಬೆರೆಸುವುದು ಸರಿಯೇ ಎಂದು ಬೇಕಾದರೆ ವಾದ ಮಾಡೋಣ, ಅದಕ್ಕೆ ಕಾರಣಗಳಿವೆ. ಆದರೆ ಆ ಮನೆಯಲ್ಲಿ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ ಬಸುರಿ ಸೊಸೆ ಇದ್ದಳು. ಕಬ್ಬಿಣ ಇದ್ದ ಕಾಳುಗಳು ಕೋಳಿಯ ಪಾಲಾದವು.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಆ ದಿನ ದರ ಕುಸಿಯಿತೆಂದು ಸಿಟ್ಟಾದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ರಾತ್ರಿಯವರೆಗೂ ಎಲ್ಲ ಪರದೆಗಳ ಮೇಲೂ ಅದೇ ಹೊಗೆ. ಬೆಂಕಿ ಹಚ್ಚಿದ್ದನ್ನು ನಾನು ಸರಿ ಎನ್ನುವುದಿಲ್ಲ. ಆದರೆ ಬ್ಯಾಡಗಿ ಅಂದರೆ ಏನು ಎಂದು ಆ ದಿನವಾದರೂ ಹೇಳಬಹುದಿತ್ತು. ಪೇಟೆ ದಿನ ಅಲ್ಲಿ ಕಾಲಿಟ್ಟರೆ ಸಾಕು, ಗಂಟಲು ಕೆರೆಯುತ್ತದೆ, ಸೀನು ನಿಲ್ಲುವುದಿಲ್ಲ. ಮುಖಕ್ಕೆ ಸೆರಗು ಕಟ್ಟಿಕೊಂಡ ಹೆಣ್ಣುಮಕ್ಕಳು ದಿನವಿಡೀ ಕೂತು ತೊಟ್ಟು ಬಿಡಿಸುತ್ತಾರೆ. ಇಲ್ಲಿನ ಡಬ್ಬಿ, ಕಡ್ಡಿ ತಳಿಗಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಗಳು ಕೊಳ್ಳುತ್ತವೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬಳ್ಳಾರಿ, ಆಂಧ್ರದಿಂದಲೂ ಮಾಲು ಇಲ್ಲಿಗೇ ಬರುತ್ತದೆ. ಮಾಲು ಹಸಿ ಇದ್ದರೆ ಟೆಂಡರಿನಲ್ಲಿ ದರ ಬೀಳುತ್ತದೆ, ಶೈತ್ಯಾಗಾರದಲ್ಲಿ ಹಳೆಯ ದಾಸ್ತಾನು ಎಷ್ಟಿದೆ ಎಂಬುದೂ ದರವನ್ನು ಎಳೆಯುತ್ತದೆ. ನಗರದಲ್ಲಿ ಖಾರದ ಪುಡಿಯ ಪಾಕೀಟು ಕೊಳ್ಳುವವರಿಗೂ ಇದೆಲ್ಲ ಬೇಕಾದ ವಿಷಯವೇ. ರೈತನ ದರ ಅರ್ಧಕ್ಕೆ ಇಳಿದಾಗ ಪಾಕೀಟಿನ ದರ ಯಾಕೆ ಇಳಿಯುವುದಿಲ್ಲ? ನಿಜವಾದ ಗ್ರಾಹಕರ ವರದಿ ಈ ಪ್ರಶ್ನೆಯಿಂದಲೇ ಶುರುವಾಗಬೇಕು.

ನ್ಯಾಯಾಲಯ ಈ ವಿಷಯದಲ್ಲಿ ಟಿವಿಗಿಂತ ಬಹಳ ಮುಂದೆ ಹೋಗಿದೆ. 2012ರ ಜನವರಿಯಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೀಜ ಕೊಂಡ ರೈತ ಗ್ರಾಹಕನೇ ಎಂದು ಸ್ಪಷ್ಟವಾಗಿ ಹೇಳಿತು. ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಲ್ಲ ಎಂಬ ತಕರಾರನ್ನೂ ಒಪ್ಪಲಿಲ್ಲ. ಕೊಂಡ ಬೀಜವನ್ನೆಲ್ಲ ಹೊಲಕ್ಕೆ ಹಾಕಿದ ರೈತ ಪರೀಕ್ಷೆಗೆಂದು ಒಂದು ಪಾಲು ಎತ್ತಿಡುತ್ತಾನೆ ಎಂದು ನಿರೀಕ್ಷಿಸಲಾಗದು ಎಂಬುದು ಅದರ ತರ್ಕ. ಮರುವರ್ಷವೇ ಹಾವೇರಿ ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲಿ ಬಿಟಿ ಹತ್ತಿ ಕಾಯಿ ಕಟ್ಟದೆ ರೈತರು ಬೀದಿಗೆ ಬಂದರು. ಧರಣಿ ಕಂಡಿತು. ಈ ತೀರ್ಪು ಅವರ ಕೈಗೆ ಕೊಡುವ ಕಾರ್ಯಕ್ರಮ ಕಾಣಲಿಲ್ಲ. 1986ರ ಕಾಯ್ದೆಯ ಬದಲಿಗೆ 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಸರಕು, ಸೇವೆಗೆ ಶುಲ್ಕವೂ ಇಲ್ಲ. ಧಾರವಾಡ, ಗದಗ, ಹಾವೇರಿ ಆಯೋಗಗಳ ಆದೇಶಗಳು ಪತ್ರಿಕೆಯ ಒಳಪುಟದಲ್ಲಿ ಸಣ್ಣಗೆ ಬರುತ್ತವೆ. ಅದನ್ನು ಬರೆಯುವ ವರದಿಗಾರರಿಗೆ ನಾನು ಋಣಿ.

2025ರ ಜುಲೈನಲ್ಲಿ ಮತ್ತೆ ಯೂರಿಯಾ ಸಾಲು. ಅಣ್ಣನ ಜೊತೆ ನಾನೂ ನಿಂತಿದ್ದೆ. ಬೆಳಿಗ್ಗೆ ಆರಕ್ಕೇ ಚಪ್ಪಲಿಗಳು ಸಾಲಾಗಿದ್ದವು, ಅವುಗಳ ಒಡೆಯರು ಕಟ್ಟೆಯ ಮೇಲೆ ಕೂತಿದ್ದರು. 45 ಕೆಜಿ ಚೀಲದ ಮೇಲೆ ಅಚ್ಚಾಗಿದ್ದ ದರ 266 ರೂಪಾಯಿ 50 ಪೈಸೆ. ನಮ್ಮ ಪಾಳಿ ಬಂದಾಗ ಅಂಗಡಿಯವನು ಚೀಲದ ಜೊತೆ ನ್ಯಾನೋ ಯೂರಿಯಾ ಎಂಬ ದ್ರವ ಗೊಬ್ಬರದ ಬಾಟಲಿಯೊಂದನ್ನು ಮುಂದಿಟ್ಟ. ‘ಇದನ್ನ ತಗೊಂಡ್ರ ಅಷ್ಟ ಚೀಲ. ಲಿಂಕ್ ಐತ್ರಿ’ ಎಂದ. ಹಿಂದೆ ನಿಂತ ಐವತ್ತು ಜನ ಅದನ್ನು ಕೇಳಿಸಿಕೊಂಡರು, ಯಾರಿಗೂ ಆಶ್ಚರ್ಯವಾಗಲಿಲ್ಲ. ಒಂದು ಸರಕು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದು ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲೇ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಬರೆದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಳಬಹುದಾದ ದೂರು ಇದು. ಎಂಟು ಗಂಟೆಗೆ ಒಂದು ಚಾನೆಲ್ಲಿನವರು ಬಂದರು. ಸಾಲಿನ ಉದ್ದ ತೆಗೆದುಕೊಂಡರು, ನೂಕುನುಗ್ಗಲು ತೆಗೆದುಕೊಂಡರು, ಒಬ್ಬ ಮುದುಕಪ್ಪನ ಕಣ್ಣೀರು ತೆಗೆದುಕೊಂಡರು. ಕೌಂಟರಿನ ಮೇಲಿದ್ದ ಬಾಟಲಿಗಳ ಸಾಲನ್ನು ನಾನು ಕೈ ಮಾಡಿ ತೋರಿಸಿದೆ. ಆ ಹುಡುಗ ನೋಡಿದ, ಅರ್ಥವೂ ಆಯಿತು ಅವನಿಗೆ. ‘ಅಣ್ಣಾ, ಅದು ಡೆಸ್ಕಿನ್ಯಾಗ ಓಡಂಗಿಲ್ಲ’ ಎಂದು ಮೆಲ್ಲಗೆ ಹೇಳಿ ಮೈಕ್ ಸುತ್ತಿಕೊಂಡ.

ಅಣ್ಣ ಬಾಟಲಿಗೂ ಸೇರಿಸಿ ಬಿಲ್ ಬರೆಸಿಕೊಂಡ. ಆ ಬಿಲ್ಲು, ಹತ್ತಿ ಬೀಜದ ಖಾಲಿ ಪಾಕೀಟು, ಅದರ ಮೇಲಿನ ಲಾಟ್ ನಂಬರು ಮೂರೂ ಈಗ ಅವನ ಟ್ರಂಕಿನಲ್ಲಿ ಹೊಲದ ಪಹಣಿಯ ಜೊತೆ ಇವೆ.