ಎಂಟಾಣೆ ರದ್ದಾಗಲಿ, ಆದರೆ ಮೊದಲು ರೌಂಡ್ ಆಫ್ ನಿಯಮ ಬರಲಿ

ವರ್ಷದ ಕೊನೆಗೆ ಅಂಗಡಿಗಳ ಲೆಕ್ಕ ನನ್ನ ಟೇಬಲ್ಲಿಗೆ ಬಂದಾಗ ‘ರೌಂಡ್ ಆಫ್’ ಎಂಬ ಖಾತೆಯನ್ನು ತಪ್ಪದೆ ತೆಗೆದು ನೋಡುತ್ತೇನೆ. ಬಿಲ್ಲಿನ ಚಿಲ್ಲರೆ ಪೈಸೆಗಳೆಲ್ಲ ಬಂದು ಬೀಳುವ ಖಾತೆ ಅದು. 175 ರೂಪಾಯಿ 18 ಪೈಸೆಯ ಬಿಲ್ಲಿಗೆ 175 ತಗೊಂಡರೆ 18 ಪೈಸೆ ಅಂಗಡಿಗೆ ಖರ್ಚು. 175 ರೂಪಾಯಿ 70 ಪೈಸೆಗೆ 176 ತಗೊಂಡರೆ 30 ಪೈಸೆ ಆದಾಯ. ಹೀಗೆ ಹತ್ತಿರದ ರೂಪಾಯಿಗೆ ಹೊಂದಿಸುತ್ತಾ ಹೋದರೆ ವರ್ಷದುದ್ದಕ್ಕೂ ಒಂದಕ್ಕೊಂದು ವಜಾ ಆಗಿ ಕೊನೆಗೆ ಉಳಿಯುವುದು ತೀರಾ ಸಣ್ಣ ಮೊತ್ತ. ಆದಾಯದ ಕಡೆಗೇ ದೊಡ್ಡ ಮೊತ್ತ ನಿಂತಿದ್ದರೆ, ಆ ಅಂಗಡಿಯಲ್ಲಿ ಪೈಸೆ ಯಾವಾಗಲೂ ಮೇಲಕ್ಕೇ ಹೋಗಿದೆ ಎಂದರ್ಥ.

ಮೊತ್ತ ಎಷ್ಟಾಗಬಹುದು ಅಂತ ಲೆಕ್ಕ ಹಾಕೋಣ. ದಿನಕ್ಕೆ 300 ಬಿಲ್ ಆಗುವ ಅಂಗಡಿ ಅಂದುಕೊಳ್ಳಿ. ಯಾವಾಗಲೂ ಮೇಲಿನ ರೂಪಾಯಿಗೇ ಏರಿಸಿದರೆ ಬಿಲ್ಲಿಗೆ ಸರಾಸರಿ ಅರ್ಧ ರೂಪಾಯಿ ಜಾಸ್ತಿ ಬರುತ್ತದೆ. ದಿನಕ್ಕೆ 150 ರೂಪಾಯಿ. ವರ್ಷಕ್ಕೆ 300 ದಿನ ಬಾಗಿಲು ತೆರೆದರೆ 45,000. ಎಲ್ಲ ಅಂಗಡಿಯವರೂ ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಲೆಕ್ಕ ಬರೆಯುವ ಟ್ಯಾಲಿಯಂಥ ಸಾಫ್ಟ್‌ವೇರಿನಲ್ಲಿ ರೌಂಡ್ ಆಫ್‌ಗೆ ಮೂರು ಆಯ್ಕೆ ಇರುತ್ತದೆ: ನಾರ್ಮಲ್ (ಹತ್ತಿರದ ರೂಪಾಯಿಗೆ), ಅಪ್‌ವರ್ಡ್ (ಯಾವಾಗಲೂ ಮೇಲಕ್ಕೆ), ಡೌನ್‌ವರ್ಡ್ (ಯಾವಾಗಲೂ ಕೆಳಕ್ಕೆ). ಯಾರೋ ಬಂದು ಸಾಫ್ಟ್‌ವೇರ್ ಹಾಕಿಕೊಟ್ಟು ಹೋದ ದಿನ ಯಾವುದನ್ನು ಒತ್ತಿದ್ದರೋ ಅದೇ ವರ್ಷಗಟ್ಟಲೆ ನಡೆಯುತ್ತದೆ. ಮಾಲೀಕರಿಗೂ ಗೊತ್ತಿರುವುದಿಲ್ಲ.

ಐವತ್ತು ಪೈಸೆ ನಾಣ್ಯ ರದ್ದು ಮಾಡಬೇಕೋ ಬೇಡವೋ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಖಾತೆಯೇ. ನಮ್ಮಲ್ಲಿ ಈಗ ಚಲಾವಣೆಯಲ್ಲಿರುವ ಅತಿ ಸಣ್ಣ ನಾಣ್ಯ ಎಂಟಾಣೆ. ಕಾನೂನಿನ ಪ್ರಕಾರ ಅದು ಇನ್ನೂ ಜೀವಂತ. 2011ರ ನಾಣ್ಯ ಕಾಯ್ದೆಯಂತೆ 10 ರೂಪಾಯಿವರೆಗಿನ ಹಣವನ್ನು ಐವತ್ತು ಪೈಸೆ ನಾಣ್ಯಗಳಲ್ಲೇ ಕೊಡಬಹುದು, ಅಂದರೆ ಇಪ್ಪತ್ತು ನಾಣ್ಯ. ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಿಗೆ ಈ ಮಿತಿ 1,000 ರೂಪಾಯಿ. ಆದರೆ ಎಂಟಾಣೆ ಕೊಟ್ಟರೆ ಯಾವ ಅಂಗಡಿಯಲ್ಲಿ ತಗೊಳ್ಳುತ್ತಾರೆ, ಯಾವ ಕಂಡಕ್ಟರ್ ತಗೊಳ್ಳುತ್ತಾರೆ? ಜನ ಅದನ್ನು ಕೈಬಿಟ್ಟು ಬಹಳ ಕಾಲ ಆಯಿತು. ಗಲ್ಲಾದಿಂದ ಹೊರಗೆ ಹೋದದ್ದು ಮತ್ತೆ ಗಲ್ಲಾಕ್ಕೆ ವಾಪಸ್ ಬರದಿದ್ದರೆ ಅದು ಚಲಾವಣೆಯ ನಾಣ್ಯವೇ ಅಲ್ಲ. ಹಾಗಾಗಿ ರದ್ದಾಗಲಿ ಎಂಬುದೇ ನನ್ನ ಅಭಿಪ್ರಾಯ. ನನ್ನ ಚಿಂತೆ ಇರುವುದು ನಾಣ್ಯದ ಬಗ್ಗೆ ಅಲ್ಲ, ಬಿಲ್ಲಿನಲ್ಲಿ ಉಳಿಯುವ ಪೈಸೆ ಯಾರ ಪಾಲಾಗುತ್ತದೆ ಎಂಬ ಬಗ್ಗೆ.

ಯಾಕೆಂದರೆ ನಾಣ್ಯ ಹೋದರೂ ಲೆಕ್ಕದಲ್ಲಿ ಪೈಸೆ ಹೋಗುವುದಿಲ್ಲ. ಪೆಟ್ರೋಲ್ ಬೆಲೆಯಲ್ಲಿ ಪೈಸೆ ಇದೆ. ಕರೆಂಟಿನ ಯೂನಿಟ್ ದರದಲ್ಲಿ ಪೈಸೆ ಇದೆ. ಅಗತ್ಯ ಔಷಧಿಗಳಿಗೆ ಸರ್ಕಾರ ಒಂದೊಂದು ಮಾತ್ರೆಗೆ ಇಷ್ಟು ಅಂತ ಪೈಸೆ ಲೆಕ್ಕದಲ್ಲೇ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. ಅದು ಸರಿಯಾದದ್ದೇ. ಒಂದು ಮಾತ್ರೆಯ ಮೇಲಿನ ಹತ್ತು ಪೈಸೆ ದಿನಾ ಬಿಪಿ, ಶುಗರ್ ಮಾತ್ರೆ ನುಂಗುವವರಿಗೆ ವರ್ಷಕ್ಕೆ ದೊಡ್ಡದೇ ಆಗುತ್ತದೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದಾಗ ಈ ತೊಡಕು ಎಲ್ಲರ ಕಣ್ಣಿಗೂ ಬಿತ್ತು. ಬಿಸ್ಕತ್ತಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಬಂತು. 5 ರೂಪಾಯಿ ಪ್ಯಾಕೆಟ್ಟಿಗೆ ಈ ಲೆಕ್ಕ ಹಾಕಿದರೆ 4 ರೂಪಾಯಿ 45 ಪೈಸೆ ಆಗುತ್ತದೆ. 2 ರೂಪಾಯಿಯ ಶಾಂಪೂ ಸ್ಯಾಶೆ 1 ರೂಪಾಯಿ 78 ಪೈಸೆ. ಈಗ ಕಿರಾಣಿ ಅಂಗಡಿಯವರ ಜಾಗದಲ್ಲಿ ನಿಂತು ನೋಡಿ. ಗಿರಾಕಿ 5 ರೂಪಾಯಿ ನಾಣ್ಯ ಕೊಟ್ಟು ಒಂದೇ ಒಂದು ಬಿಸ್ಕತ್ತು ಕೇಳುತ್ತಾರೆ. ವಾಪಸ್ 55 ಪೈಸೆ ಕೊಡಬೇಕು. ಎಂಟಾಣೆ ಇದ್ದರೂ ಇನ್ನೂ ಐದು ಪೈಸೆ ಬಾಕಿ. ಅದಕ್ಕೆ ನಾಣ್ಯವೇ ಇಲ್ಲ. 5 ರೂಪಾಯಿ ಪೂರ್ತಿ ಇಟ್ಟುಕೊಂಡರೆ ಎಂಆರ್‌ಪಿ ಮೀರಿ ಮಾರಿದ ಹಾಗಾಯಿತು, ಅದು ಅಪರಾಧ. 4 ರೂಪಾಯಿ ತಗೊಂಡರೆ 45 ಪೈಸೆ ಕೈಯಿಂದ ಹೋಯಿತು. ಅಷ್ಟು ಸಣ್ಣ ಪ್ಯಾಕೆಟ್ಟಿನಲ್ಲಿ ಅವರಿಗೆ ಸಿಗುವ ಲಾಭವನ್ನೇ ಅದು ನುಂಗಿಬಿಡಬಹುದು. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರನ್ನು ಹೀಗೆ ಇಕ್ಕಟ್ಟಿಗೆ ಸಿಕ್ಕಿಸುವುದು ತಪ್ಪು ಅಲ್ವಾ?

ಪೆಟ್ಟು ಜಾಸ್ತಿ ಬೀಳುವುದು ಒಂದೊಂದೇ ವಸ್ತು ಕೊಳ್ಳುವವರಿಗೆ. ತಿಂಗಳ ಸಾಮಾನು ಒಟ್ಟಿಗೆ ತರುವ ಮನೆಗೆ ಮೂರು ಸಾವಿರದ ಬಿಲ್ಲಿನಲ್ಲಿ 40 ಪೈಸೆ ಲೆಕ್ಕಕ್ಕಿಲ್ಲ. ದಿನಗೂಲಿಯಲ್ಲಿ ಒಂದು ಸ್ಯಾಶೆ ಶಾಂಪೂ ತಗೊಳ್ಳುವವರಿಗೆ 1 ರೂಪಾಯಿ 78 ಪೈಸೆಯದು 2 ರೂಪಾಯಿ ಆದರೆ ಶೇ. 12ಕ್ಕಿಂತ ಜಾಸ್ತಿ ಏರಿದ ಹಾಗೆ. ತೆರಿಗೆ ಇಳಿಸಿದ ಲಾಭ ಅವರಿಗೆ ಮುಟ್ಟಲೇ ಇಲ್ಲ.

ಉಳಿಯುವ ಪೈಸೆಯನ್ನು ಹೇಗೆ ಹೊಂದಿಸಬೇಕು ಎಂಬ ನಿಯಮ ಇದ್ದರೆ ಈ ತೊಡಕು ಇರುವುದಿಲ್ಲ. ನಮ್ಮ ಸರ್ಕಾರಕ್ಕೆ ಇಂಥ ನಿಯಮ ಮಾಡುವುದು ಹೊಸದೇನಲ್ಲ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂದಾಗ ಒಂದು ಆಣೆಗೆ ಆರೂಕಾಲು ನಯಾ ಪೈಸೆ ಆಗುತ್ತಿತ್ತು. ಕಾಲು ಪೈಸೆ ಎಲ್ಲಿಂದ ತರುವುದು? ಅದಕ್ಕೆ ಕಾನೂನಿನಲ್ಲೇ ಉತ್ತರ ಇತ್ತು. ಹತ್ತಿರದ ಪೈಸೆಗೆ ಹೊಂದಿಸಬೇಕು, ಸರಿಯಾಗಿ ಅರ್ಧ ಬಂದರೆ ಕೆಳಕ್ಕೆ ಇಳಿಸಬೇಕು. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಎರಡಾಣೆಗೆ ಹನ್ನೆರಡೂವರೆ ಬಂದಿತ್ತು, ಆ ಅರ್ಧ ಪೈಸೆ ಕೊಡುವವರ ಕಡೆಗೆ ಉಳಿಯಿತು. ಎಷ್ಟು ಸರಳವಾಗಿದೆ ನೋಡಿ.

2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು ರದ್ದಾದವು. ಆಗ ಬೆಲೆಗಳನ್ನೂ ಲೆಕ್ಕಗಳನ್ನೂ ಐವತ್ತು ಪೈಸೆಗೆ ಇಲ್ಲವೇ ಪೂರ್ತಿ ರೂಪಾಯಿಗೆ ಹೊಂದಿಸಿ ಎಂದು ಸರ್ಕಾರ ಹೇಳಿತು. ಆದರೆ ಹೊಂದಿಸಬೇಕಾದದ್ದು ಬೆಲೆಯನ್ನಲ್ಲ, ಬಿಲ್ಲಿನ ಕೊನೆಯ ಮೊತ್ತವನ್ನು. ಎರಡಕ್ಕೂ ಅಜಗಜಾಂತರ. ಮೆಡಿಕಲ್ ಶಾಪಿನ ಐದು ಐಟಂ ತಗೊಳ್ಳಿ: 31.20, 48.35, 12.10, 64.28, 19.25. ಒಟ್ಟು 175 ರೂಪಾಯಿ 18 ಪೈಸೆ. ಒಂದೊಂದನ್ನೂ ಮೇಲಕ್ಕೆ ಏರಿಸಿ ಕೂಡಿದರೆ 179. ಒಟ್ಟು ಮೊತ್ತವನ್ನು ಮಾತ್ರ ಹತ್ತಿರದ ರೂಪಾಯಿಗೆ ತಂದರೆ 175. ಒಂದೇ ಚೀಲದ ಮಾತ್ರೆಗೆ ನಾಲ್ಕು ರೂಪಾಯಿ ವ್ಯತ್ಯಾಸ.

ಕೆನಡಾದವರು ಇದನ್ನು ಚೆನ್ನಾಗಿ ನಿಭಾಯಿಸಿದರು. 2012ರ ಮೇ ತಿಂಗಳಲ್ಲಿ ಕೊನೆಯ ಪೆನ್ನಿ, ಅಂದರೆ ಒಂದು ಸೆಂಟ್ ನಾಣ್ಯ, ಅಚ್ಚಾಯಿತು, 2013ರ ಫೆಬ್ರುವರಿ 4ರಿಂದ ಅದನ್ನು ಹಂಚುವುದೂ ನಿಂತಿತು. ಅದರ ಜೊತೆಗೇ ಸೂತ್ರವನ್ನೂ ಕೊಟ್ಟರು. ತೆರಿಗೆ ಎಲ್ಲ ಸೇರಿಸಿದ ಮೇಲೆ, ನಗದು ಕೊಟ್ಟರೆ ಮಾತ್ರ, ಒಟ್ಟು ಮೊತ್ತವನ್ನು ಹತ್ತಿರದ ಐದು ಸೆಂಟ್‌ಗೆ ಹೊಂದಿಸಿ. ಕಾರ್ಡ್ ಆದರೆ ಸೆಂಟ್ ಸೆಂಟ್ ಲೆಕ್ಕ. ಅಮೆರಿಕದಲ್ಲಿ ಆದದ್ದೇ ಬೇರೆ. ಒಂದು ಸೆಂಟ್ ನಾಣ್ಯ ಮಾಡಲು ಮೂರೂವರೆ ಸೆಂಟ್‌ಗಿಂತ ಜಾಸ್ತಿ ಖರ್ಚಾಗುತ್ತದೆ ಎಂದು 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿ ಅಚ್ಚು ಹಾಕಿದರು. ದೇಶಕ್ಕೆಲ್ಲ ಒಂದೇ ರೌಂಡ್ ಆಫ್ ನಿಯಮ ಮಾತ್ರ ಆಗ ಇರಲಿಲ್ಲ. ಸರ್ಕಾರಿ ಆಹಾರ ನೆರವಿನ ಕಾರ್ಡ್ ಇರುವವರಿಗೂ ಬೇರೆಯವರಿಗೂ ಒಂದೇ ಬೆಲೆ ಇರಬೇಕು ಎಂಬ ಕಾನೂನು ಅಲ್ಲಿದೆ. ನಗದು ಕೊಡುವವರಿಗೆ ಮಾತ್ರ ಮೊತ್ತ ಬದಲಾದರೆ ಆ ಕಾನೂನು ಮುರಿದ ಹಾಗಾಗುತ್ತದಾ ಎಂಬ ಪ್ರಶ್ನೆ ಅಂಗಡಿಯವರ ತಲೆ ಮೇಲೆ ಬಂತು.

ನಮಗೆ ಬೇಕಾದ ನಿಯಮ ಒಂದು ಪುಟ ಮೀರಬೇಕಿಲ್ಲ. ಬೆಲೆಗಳಲ್ಲಿ ಪೈಸೆ ಇರಲಿ. ಜಿಎಸ್‌ಟಿ ಪೈಸೆ ಸಮೇತ ಲೆಕ್ಕ ಆಗಲಿ. ಯುಪಿಐ, ಕಾರ್ಡ್ ಆದರೆ ಪೈಸೆ ಸಮೇತ ತಗೊಳ್ಳಲಿ, ಅದಕ್ಕೆ ನಾಣ್ಯ ಬೇಕಾಗಿಯೇ ಇಲ್ಲ. ನಗದು ಆದರೆ ಬಿಲ್ಲಿನ ಕೊನೆಯ ಮೊತ್ತ ಮಾತ್ರ ಹತ್ತಿರದ ರೂಪಾಯಿಗೆ ಬರಲಿ, ಸರಿಯಾಗಿ ಐವತ್ತು ಪೈಸೆ ಬಂದರೆ 1957ರ ಹಾಗೆ ಕೆಳಕ್ಕೆ ಇಳಿಯಲಿ. ಒಂದೇ ಐಟಂ ಕೊಂಡಾಗ ಎಂಆರ್‌ಪಿ ಮೀರುವ ಪ್ರಶ್ನೆಗೂ ಅದರಲ್ಲೇ ಉತ್ತರ ಇರಲಿ. ನನ್ನ ಮಟ್ಟಿಗೆ, ಒಂದೇ ಐಟಂ ಆದರೆ ಕೆಳಕ್ಕೇ ಇಳಿಸಬೇಕು, ಆ ನಷ್ಟವನ್ನು ಕಂಪನಿ ಅಂಗಡಿಯವರಿಗೆ ತುಂಬಿಕೊಡಬೇಕು. ಬೆಲೆ ಅಚ್ಚು ಹಾಕುವುದು ಕಂಪನಿ ತಾನೇ?

ಇನ್ನು ಒಂದು ರೂಪಾಯಿ ನಾಣ್ಯದ ಮಾತು. ಅದನ್ನು ಮಾಡಲು 1 ರೂಪಾಯಿ 11 ಪೈಸೆ ತಗಲುತ್ತದೆ ಎಂದು 2018ರಲ್ಲಿ ಟಂಕಸಾಲೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿತ್ತು. ಹಾಗಾದರೆ ಅದೂ ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ನಾಣ್ಯ ಒಂದೇ ಸಲ ಬಳಸಿ ಬಿಸಾಡುವ ವಸ್ತು ಅಲ್ಲ, ವರ್ಷಗಟ್ಟಲೆ ಸಾವಿರಾರು ಕೈ ದಾಟುತ್ತದೆ. ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ 2025ರ ಜನವರಿಯಲ್ಲಿ ಕನಿಷ್ಠ ಟಿಕೆಟ್ 5ರಿಂದ 6 ರೂಪಾಯಿ ಆಯಿತು. ಆ ಒಂದು ರೂಪಾಯಿ ಪ್ರತಿ ಸ್ಟಾಪಿನಲ್ಲೂ ಕೈ ಬದಲಾಗುತ್ತದೆ. ಮದುವೆ ಮುಯ್ಯಿ ಕವರಿನ ಮೇಲೂ ಅದೇ ನಾಣ್ಯ ಅಂಟಿಕೊಂಡಿರುತ್ತದೆ. ರೂಪಾಯಿ ಇನ್ನೂ ಗಲ್ಲಾಕ್ಕೆ ವಾಪಸ್ ಬರುತ್ತಿದೆ, ಇರಲಿ.

ಅಂಗಡಿ ನಡೆಸುವವರಿಗೆ ನನ್ನ ವಿನಂತಿ ಇಷ್ಟು: ಸರ್ಕಾರದ ನಿಯಮ ಬರುವ ತನಕ ಕಾಯಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದು ರೌಂಡ್ ಆಫ್ ಲೆಡ್ಜರಿನಲ್ಲಿ ‘ಅಪ್‌ವರ್ಡ್’ ಇದ್ದರೆ ‘ನಾರ್ಮಲ್’ ಮಾಡಿ. ಐಟಂ ಲೆಕ್ಕದಲ್ಲಿ ರೌಂಡ್ ಮಾಡುತ್ತಿದ್ದರೆ ನಿಲ್ಲಿಸಿ. ಕೊಳ್ಳುವವರು ಬಿಲ್ಲಿನ ಕೆಳಗಿನ ರೌಂಡ್ ಆಫ್ ಸಾಲು ನೋಡಿ, ಅಲ್ಲಿ ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಬರುತ್ತಿರಬೇಕು. ಯಾವಾಗಲೂ ಪ್ಲಸ್ಸೇ ಬರುತ್ತಿದ್ದರೆ ಕೌಂಟರಿನಲ್ಲಿ ಕೇಳಿ. ಯುಪಿಐನಲ್ಲಿ ಕೊಡುವಾಗ ಪೈಸೆ ಸಮೇತ ಒತ್ತಿ, ಆಪ್ ಅದನ್ನು ತಗೊಳ್ಳುತ್ತದೆ.