‘ಪ್ರೆಸೆಂಟ್ಲಿ’ ಅಂದರೆ ಈಗಲೋ, ಇನ್ನು ಸ್ವಲ್ಪ ಹೊತ್ತಿಗೋ?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ಪ್ರೆಸೆಂಟ್ಲಿ ವರ್ಕಿಂಗ್ ಇನ್ ಹುಬ್ಬಳ್ಳಿ’ ಅಂತ ಬರೆದಿದ್ದೆ. ಗೆಳೆಯರೊಬ್ಬರು ಅದನ್ನು ‘ಕರೆಂಟ್ಲಿ’ ಅಂತ ತಿದ್ದಿದರು. ನೌ, ಅಟ್ ಪ್ರೆಸೆಂಟ್, ಕರೆಂಟ್ಲಿ, ಪ್ರೆಸೆಂಟ್ಲಿ ಎಲ್ಲಾ ಒಂದೇ ಅಲ್ವಾ?

ಉತ್ತರ: ನೀವು ಬರೆದದ್ದು ತಪ್ಪಲ್ಲ. ಗೆಳೆಯರು ಸುಮ್ನೆ ತಿದ್ದಿದ್ದೂ ಅಲ್ಲ. ಈ ಗುಂಪಿನಲ್ಲಿ ತರಲೆ ಮಾಡುವುದೇ ‘ಪ್ರೆಸೆಂಟ್ಲಿ’. ಅಮೆರಿಕದಲ್ಲಿ, ಸ್ಕಾಟ್ಲೆಂಡಿನಲ್ಲಿ, ನಮ್ಮ ಆಫೀಸುಗಳಲ್ಲಿ ಅದಕ್ಕೆ ‘ಈಗ’ ಎಂದು ಅರ್ಥ. ಇಂಗ್ಲೆಂಡಿನ ಹಳೇ ರೂಢಿಯಲ್ಲಿ ಮಾತ್ರ ‘ಇನ್ನು ಸ್ವಲ್ಪ ಹೊತ್ತಿಗೆ’. ‘ದ ಡಾಕ್ಟರ್ ವಿಲ್ ಸೀ ಯೂ ಪ್ರೆಸೆಂಟ್ಲಿ’ ಅಂದರೆ, ಕೂತಿರಿ, ಕರೀತಾರೆ ಅಂತ. ಜೊತೆಗೆ ‘ವಿಲ್’ ಇದ್ದರೆ ಮುಂದಿನ ಮಾತು, ‘ಈಸ್’, ‘ಆ್ಯಮ್’ ಇದ್ದರೆ ಈಗಿನ ಮಾತು. ಗೊಂದಲವೇ ಬೇಡ ಅಂದರೆ ‘ಕರೆಂಟ್ಲಿ’ ಒಳ್ಳೆಯದು. ನನ್ನನ್ನು ಕೇಳಿದರೆ ‘ಐ ವರ್ಕ್ ಇನ್ ಹುಬ್ಬಳ್ಳಿ’ ಅಂದರೂ ಸಾಕು, ಯಾವ ಪದವೂ ಬೇಕಿಲ್ಲ.

ಮಜಾ ಏನೆಂದರೆ, ‘ಪ್ರೆಸೆಂಟ್ಲಿ’ಗೆ ಹಿಂದೆ ‘ತಕ್ಷಣ’ ಎಂಬ ಅರ್ಥವೂ ಇತ್ತು. ‘ಸೂನ್’ ಕೂಡ ಹಳೇ ಇಂಗ್ಲಿಷಿನಲ್ಲಿ ‘ತಕ್ಷಣ’ವೇ. ‘ಬೇಗ’ ಎಂಬ ಅರ್ಥದ ಹಳೇ ಪದ ‘ಅನಾನ್’ನ ಕಥೆಯೂ ಅದೇ. ಜನ ತಕ್ಷಣ ಬಂದೆ ಅನ್ನುವುದು, ಆಮೇಲೆ ನಿಧಾನಕ್ಕೆ ಬರುವುದು. ಹೀಗೇ ನಡೆದು ನಡೆದು ಪದವೇ ಸಡಿಲವಾಯಿತು. ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ‘ಬಂದೆ ಬಂದೆ, ಇಲ್ಲೇ ಸರ್ಕಲ್ ಹತ್ರ ಇದ್ದೀನಿ’ ಅನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ಜಸ್ಟ್ ನೌ’ ಬಗ್ಗೆಯೂ ಹುಷಾರು. ‘ಹಿ ಲೆಫ್ಟ್ ಜಸ್ಟ್ ನೌ’ ಅಂದರೆ ಈಗ ತಾನೇ ಹೋದ. ‘ಐ ಆ್ಯಮ್ ಬಿಸಿ ಜಸ್ಟ್ ನೌ’ ಅಂದರೆ ಸದ್ಯ ಪುರುಸೊತ್ತಿಲ್ಲ. ದಕ್ಷಿಣ ಆಫ್ರಿಕಾದವರು ‘ಐ ವಿಲ್ ಡೂ ಇಟ್ ಜಸ್ಟ್ ನೌ’ ಅಂದರೆ ಮಾತ್ರ ಕಾಯುತ್ತಾ ನಿಲ್ಲಬೇಡಿ, ಆಮೇಲೆ ಯಾವಾಗಲೋ ಮಾಡುತ್ತಾರೆ. ಬೇಗ ಮಾಡುವುದಿದ್ದರೆ ‘ನೌ ನೌ’ ಅನ್ನುತ್ತಾರೆ. ಎರಡು ಸಲ ‘ನೌ’ ಅಂದರೂ ಅದು ಈ ಕ್ಷಣವಲ್ಲ!

ಉಳಿದವುಗಳಲ್ಲಿ ಇಷ್ಟು ತಾಪತ್ರಯ ಇಲ್ಲ. ‘ಶಿ ಲಿವ್ಸ್ ಇನ್ ಮೈಸೂರು ನೌ’ ಅಂದಾಗ, ಮೊದಲು ಬೇರೆಲ್ಲೋ ಇದ್ದರು ಎಂಬುದೂ ಕೇಳಿಸುತ್ತದೆ. ‘ಅಟ್ ದ ಮೊಮೆಂಟ್’ ಅಂದರೆ ಸದ್ಯಕ್ಕೆ ಹೀಗೆ, ನಾಳೆ ಬದಲಾಗಬಹುದು. ‘ಅಟ್ ಪ್ರೆಸೆಂಟ್’, ‘ಕರೆಂಟ್ಲಿ’ ಹೆಚ್ಚುಕಡಿಮೆ ಒಂದೇ, ಅರ್ಜಿಗೆ, ವರದಿಗೆ ಹೊಂದುತ್ತವೆ. ‘ರೈಟ್ ನೌ’ಗೆ ಅವಸರ ಜಾಸ್ತಿ. ಮೇಲಧಿಕಾರಿಗೆ ‘ಸೆಂಡ್ ಇಟ್ ರೈಟ್ ನೌ’ ಅಂತ ಬರೆದರೆ ಗದರಿಸಿದ ಹಾಗಿರುತ್ತದೆ.

‘ನೌಅಡೇಸ್’, ‘ದೀಸ್ ಡೇಸ್’ ಇರುವುದು ರೂಢಿಯ ಮಾತಿಗೆ. ಮೊದಲು ಹಾಗಿತ್ತು, ಈಗೀಗ ಹೀಗೆ ಅನ್ನಲು. ‘ನೌಅಡೇಸ್ ಐ ಈಟ್ ಅರ್ಲಿ’ ಸರಿ. ಕೈಯಲ್ಲಿ ತುತ್ತು ಹಿಡಿದುಕೊಂಡು, ಫೋನ್ ಮಾಡಿದವರಿಗೆ ‘ನೌಅಡೇಸ್ ಐ ಆ್ಯಮ್ ಈಟಿಂಗ್’ ಅಂದರೆ, ಇಷ್ಟು ದಿನ ಉಪವಾಸ ಇದ್ದಿರಾ ಅಂತ ಕೇಳಿಯಾರು.